‘ಹ್ಯಾವ್ ಎ ಬಾಲ್’ ಕೇಳಿದವರಿದ್ದೀರಾ? ನಮ್ಮ ಭಾವಗೀತೆಗಳನ್ನು ಪಾಪ್ ಪಂಕ್‌ನಲ್ಲಿ ಹಾಡಬಹುದಾ?

ಬಟವಾಡಿ ಗಿಟಾರ್ (ತುಮಕೂರು)

ಮೀ ಫಸ್ಟ್ ಅಂಡ್ ದ ಗಿಮ್ಮಿ ಗಿಮ್ಮೀಸ್ ಬ್ಯಾಂಡಿನ ಮೊದಲ ಆಲ್ಬಂ ‘ಹ್ಯಾವ್ ಎ ಬಾಲ್’. ಬಂದದ್ದು 1997ರಲ್ಲಿ. ನಮ್ಮ ಕಡೆ ಇದನ್ನು ಕೇಳಿದವರು ಇದ್ದರೆ ಕೂತು ಮಾತಾಡೋಣ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ. ಕೇಳದವರಿಗೂ ಗೊತ್ತಾಗಲಿ ಅಂತ ಸ್ವಲ್ಪ ವಿವರ.

ಇದು ಸೈಡ್ ಪ್ರಾಜೆಕ್ಟ್, ಅಂದರೆ ಬೇರೆ ಬೇರೆ ಬ್ಯಾಂಡಿನವರು ಪಕ್ಕದಲ್ಲಿ ಕಟ್ಟಿಕೊಂಡ ತಂಡ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1995ರಲ್ಲಿ ಶುರುವಾಯಿತು. ಬೇಸ್ ಬಾರಿಸಿದ ಫ್ಯಾಟ್ ಮೈಕ್ ಆಗ ನೋಎಫ್‌ಎಕ್ಸ್ ಬ್ಯಾಂಡಿನವರು. ಗಿಟಾರಿನ ಜೋಯಿ ಕೇಪ್, ಡ್ರಮ್ಸ್‌ನ ಡೇವ್ ರಾನ್ ಇಬ್ಬರೂ ಲ್ಯಾಗ್‌ವ್ಯಾಗನ್‌ನವರು. ಇನ್ನೊಂದು ಗಿಟಾರು ಕ್ರಿಸ್ ಶಿಫ್ಲೆಟ್, ಆಮೇಲೆ ಫೂ ಫೈಟರ್ಸ್ ಸೇರಿದವರು. ಹಾಡುವ ಸ್ಪೈಕ್ ಸ್ಲಾಸನ್ ಇವರ ರೆಕಾರ್ಡ್ ಕಂಪನಿ ಫ್ಯಾಟ್ ರೆಕ್ ಕಾರ್ಡ್ಸ್‌ನಲ್ಲೇ ಕೆಲಸಕ್ಕಿದ್ದವರು. ಆಲ್ಬಂನಲ್ಲಿ 12 ಹಾಡು, ಒಟ್ಟು ಅರ್ಧ ಗಂಟೆ ಆಸುಪಾಸು. ಒಂದೂ ಇವರ ಸ್ವಂತದ್ದಲ್ಲ. ಜಾನ್ ಡೆನ್ವರ್, ಪಾಲ್ ಸೈಮನ್, ನೀಲ್ ಡೈಮಂಡ್, ಬಿಲ್ಲಿ ಜೋಯಲ್, ಎಲ್ಟನ್ ಜಾನ್ ಇಂಥವರ ಹಳೆಯ ಮೆದು ಹಾಡುಗಳನ್ನು ಎತ್ತಿಕೊಂಡು ಪಂಕ್ ವೇಗದಲ್ಲಿ ಬಾರಿಸಿದ್ದಾರೆ. ಪಂಕ್ ಅಂದರೆ ವೇಗದ, ಜೋರು ಗಿಟಾರಿನ ರಾಕ್; ಅದಕ್ಕೆ ಸುಲಭವಾಗಿ ಗುನುಗುವ ರಾಗ ಸೇರಿದರೆ ಪಾಪ್ ಪಂಕ್. ಆಲ್ಬಂಗೆ ಮುಂಚೆ ಸಣ್ಣ ಸಣ್ಣ ಸಿಂಗಲ್‌ಗಳನ್ನು ಬಿಟ್ಟಿದ್ದರು. ಒಂದೊಂದು ಸಿಂಗಲ್‌ನಲ್ಲಿ ಒಬ್ಬೊಬ್ಬ ಗಾಯಕರ ಹಾಡುಗಳು. ಯೋಚನೆ ಎಷ್ಟು ಅಚ್ಚುಕಟ್ಟಾಗಿದೆ ನೋಡಿ.

ತಮಾಷೆಯ ಆಲ್ಬಂ, ಅದರಲ್ಲಿ ಅನುಮಾನ ಇಲ್ಲ. ಆದರೆ ನನಗೆ ಇಷ್ಟವಾಗುವುದು ಬೇರೆ ಕಾರಣಕ್ಕೆ. ಇಡೀ ಆಲ್ಬಂನಲ್ಲಿ ಒಂದು ಕಡೆಯೂ ಮೂಲ ಹಾಡನ್ನು ಅಣಕಿಸುವುದಿಲ್ಲ. ಸ್ಲಾಸನ್ ದನಿ ಗಮನಿಸಿ. ಮೂಲದ ರಾಗ ಕೆಡಿಸದೆ, ಪೂರ್ತಿ ಗಂಟಲು ಬಿಟ್ಟು, ಒಂದೊಂದು ಸಾಲನ್ನೂ ನಂಬಿ ಹಾಡುತ್ತಾರೆ. ಹಿಂದೆ ಡ್ರಮ್ಸು, ಗಿಟಾರು ಎಷ್ಟೇ ಕುಣಿಯಲಿ, ಹಾಡುವವರು ಮಾತ್ರ ಹಾಡಿನ ಪರವಾಗಿಯೇ ನಿಂತಿರುತ್ತಾರೆ. ನಗು ಬರುವುದು ವೇಗಕ್ಕೆ. ಹಾಡನ್ನು ನೋಡಿ ಯಾರೂ ನಗುತ್ತಿಲ್ಲ. ಈ ವ್ಯತ್ಯಾಸ ಹಿಡಿಯಲಾಗದ ಕವರ್ ಬ್ಯಾಂಡುಗಳು (ಬೇರೆಯವರ ಹಾಡು ಬಾರಿಸುವ ತಂಡಗಳು) ಬೇಕಾದಷ್ಟಿವೆ. ಮೊದಲ ಹಾಡಿಗೆ ನಗಿಸುತ್ತವೆ, ಮೂರನೆಯದಕ್ಕೆ ಸಾಕಾಗುತ್ತದೆ.

ಈಗ ನಮ್ಮ ವಿಷಯ. ನಮ್ಮದು ಮೆಟಲ್ ಬ್ಯಾಂಡ್. ಅದರ ಪಕ್ಕದಲ್ಲೇ ಬೇಸ್ ಹುಡುಗ ಮತ್ತು ನಾನು ಇನ್ನೊಂದು ತಂಡ ಕಟ್ಟಬೇಕು ಅಂದುಕೊಂಡಿದ್ದೇವೆ. ನಾಲ್ಕು ಭಾವಗೀತೆ, ಪಾಪ್ ಪಂಕ್‌ನಲ್ಲಿ. ನಮ್ಮ ಮನೆಗಳಲ್ಲಿ ಕ್ಯಾಸೆಟ್ ಕಾಲದಿಂದ ಕೇಳಿಕೊಂಡು ಬಂದ ಹಾಡುಗಳು. ಸಂತೋಷಕ್ಕೆ ಮಾಡುವುದು, ಆದರೆ ಕಾಟಾಚಾರಕ್ಕೆ ಅಲ್ಲ. ಭಾವಗೀತೆಗೆ ಕೈ ಹಾಕಬಹುದಾ? ಹಾಕುವುದಾದರೆ ಹೇಗೆ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಸಂಗೀತದವರು ಇಲ್ಲಿ ಇದ್ದೀರಿ. ಮುಲಾಜಿಲ್ಲದೆ ಹೇಳಿ.

ರಸಮಂಜರಿ ಕೀಬೋರ್ಡ್ (ಕೋಲಾರ)

ತಮ್ಮಾ, ಆಲ್ಬಂ ಈಗ ತಾನೇ ಪೂರ್ತಿ ಕೇಳಿದೆ. ಗಣೇಶನ ಹಬ್ಬ, ರಾಜ್ಯೋತ್ಸವ ಅಂತ ಊರೂರು ಸುತ್ತಿ ಬಾರಿಸಿದ ಅನುಭವದಲ್ಲಿ ಹೇಳುತ್ತೇನೆ. ಜನಕ್ಕೆ ಗೊತ್ತಿರುವ ರಾಗ ಗೊತ್ತಿಲ್ಲದ ವೇಗದಲ್ಲಿ ಬಂದರೆ ಮೊದಲ ಹತ್ತು ಸೆಕೆಂಡು ಸುಮ್ಮನಿರುತ್ತಾರೆ. ಪಲ್ಲವಿ ಗುರುತು ಸಿಕ್ಕಿದ ತಕ್ಷಣ ಕುರ್ಚಿ ಬಿಟ್ಟು ಏಳುತ್ತಾರೆ. ಅದಕ್ಕೇ ಪಲ್ಲವಿಯ ರಾಗವನ್ನು ಒಂದು ಸ್ವರವೂ ಬದಲಿಸಬೇಡಿ. ಚರಣದಲ್ಲಿ ಏನಾದರೂ ಆಟ ಆಡಿಕೊಳ್ಳಿ.

ಇನ್ನೊಂದು ವಿಷಯ ನಿಮಗೆ ಅನುಕೂಲವಾಗಿಯೇ ಇದೆ. ಪಂಕ್ ಗಿಟಾರಿನವರು ಬಾರಿಸುವ ಪವರ್ ಕಾರ್ಡ್‌ನಲ್ಲಿ ಒಟ್ಟಿಗೆ ನುಡಿಸುವುದು ಎರಡೇ ಸ್ವರ, ಷಡ್ಜ ಮತ್ತು ಪಂಚಮ. ಗಾಂಧಾರ ಇರುವುದಿಲ್ಲ. ಡಿಸ್ಟಾರ್ಷನ್ (ಗಿಟಾರಿನ ಸದ್ದನ್ನು ಒರಟು ಮಾಡುವುದು) ಜಾಸ್ತಿ ಹಾಕಿದಾಗ ಗಾಂಧಾರ ಸೇರಿಸಿದರೆ ಸದ್ದು ಕೆಸರಾಗುತ್ತದೆ, ಅದಕ್ಕೇ ಅವರು ಬಿಡುವುದು. ಗಾಂಧಾರ ಇಲ್ಲ ಅಂದರೆ ಕಾರ್ಡು ಮೇಜರೂ (ಮೇಲಿನ ಗಾಂಧಾರದ್ದು) ಅಲ್ಲ, ಮೈನರೂ (ಕೆಳಗಿನ ಗಾಂಧಾರದ್ದು) ಅಲ್ಲ. ಹಾಡಿನ ರಾಗ ಯಾವ ಗಾಂಧಾರ ಹಿಡಿದರೂ ಗಿಟಾರು ಅಡ್ಡ ಬರುವುದಿಲ್ಲ. ನಮ್ಮ ಭಾವಗೀತೆಗಳಲ್ಲಿ ಎಷ್ಟೋ ಹಾಡು ಒಂದೇ ಸಾಲಿನಲ್ಲಿ ಎರಡು ಗಾಂಧಾರ ಮುಟ್ಟಿ ಬರುತ್ತವೆ. ಕೀಬೋರ್ಡಿನಲ್ಲಿ ಪೂರ್ತಿ ಕಾರ್ಡ್ ಹಿಡಿಯುವ ನಮ್ಮಂಥವರಿಗೆ ಅಲ್ಲಿ ಕಷ್ಟ. ನಿಮಗೆ ಕಷ್ಟವಿಲ್ಲ.

ತಿಪಟೂರು ಮೇಷ್ಟ್ರು

ನಾನು ಸುಗಮ ಸಂಗೀತ ಕಲಿಸುತ್ತೇನೆ. ಆಲ್ಬಂ ಕೇಳಿದ ಮೇಲೆಯೇ ಬರೆಯುತ್ತಿದ್ದೇನೆ. ಹುಡುಗರ ಉತ್ಸಾಹಕ್ಕೆ ತಣ್ಣೀರು ಎರಚುವ ಉದ್ದೇಶ ಇಲ್ಲ. ಆದರೂ ನನ್ನ ವಿರೋಧ ಇದೆ.

ಭಾವಗೀತೆ ಮೊದಲು ಕವಿತೆ. ಆಮೇಲೆ ಹಾಡು. ಕವಿತೆಯಲ್ಲಿ ಮಾತಿನಷ್ಟೇ ಮುಖ್ಯ ಮಾತಿನ ನಡುವಿನ ಬಿಡುವು. ಗಾಯಕ ಒಂದು ಸಾಲು ಹಾಡಿ ಉಸಿರು ಎಳೆದುಕೊಳ್ಳುವಾಗ ಕೇಳುವವನ ಮನಸ್ಸಿನಲ್ಲಿ ಆ ಸಾಲು ಇಳಿಯುತ್ತದೆ. ಆ ಜಾಗವನ್ನೆಲ್ಲ ನೀವು ಡ್ರಮ್ಸಿನಿಂದ ತುಂಬಿಬಿಟ್ಟರೆ ಇಳಿಯುವುದು ಎಲ್ಲಿಂದ?

ಎರಡನೆಯದು ಉಚ್ಚಾರಣೆ. ಕನ್ನಡದಲ್ಲಿ ದೀರ್ಘ ಇದೆ, ಒತ್ತಕ್ಷರ ಇದೆ. ಓಡುವ ತಾಳದಲ್ಲಿ ದೀರ್ಘವೆಲ್ಲ ಹ್ರಸ್ವ ಆಗುತ್ತದೆ, ಒತ್ತು ಬಿದ್ದುಹೋಗುತ್ತದೆ. ಆಗ ಹಾಡು ಬೇರೆ ಯಾವುದೋ ಭಾಷೆಯ ಥರ ಕೇಳುತ್ತದೆ. ನಿಧಾನದ ಹಾಡುಗಳಿಗಂತೂ ಕೈ ಹಾಕಬೇಡಿ, ದಯವಿಟ್ಟು.

ಬಟವಾಡಿ ಗಿಟಾರ್ (ತುಮಕೂರು)

ಮೇಷ್ಟ್ರೇ, ಆಲ್ಬಂ ಕೇಳಿ ಬರೆದಿದ್ದೀರಿ, ಅದೇ ದೊಡ್ಡದು. ಉಚ್ಚಾರಣೆಯ ಮಾತು ನೂರಕ್ಕೆ ನೂರು ಸರಿ, ಅದಕ್ಕೆ ದಾರಿ ಹುಡುಕಲೇಬೇಕು. ಬಿಡುವಿನ ಮಾತು ಒಪ್ಪುವುದಿಲ್ಲ. ಆಲ್ಬಂನಲ್ಲಿ ‘ಮ್ಯಾಂಡಿ’ ಇದೆ ನೋಡಿ, ಬ್ಯಾರಿ ಮ್ಯಾನಿಲೋ ಪಿಯಾನೋ ಮುಂದೆ ಕೂತು ಹಾಡಿ ಹೆಸರು ಮಾಡಿದ ಹಾಡು. ಇವರ ಕೈಯಲ್ಲಿ ಓಡುತ್ತದೆ. ಆದರೂ ಹೆಸರು ಹಿಡಿದು ಕರೆಯುವ ಜಾಗದಲ್ಲಿ ದನಿ ಎಳೆದೇ ಹಾಡುತ್ತಾರೆ. ಆ ಎಳೆತ ಕೇಳಿದರೆ ಎದೆಗೆ ತಾಗುತ್ತದೆ.

ಚಿಂತಾಮಣಿ ಡ್ರಮ್ಸ್

ಮೇಷ್ಟ್ರೇ ನಮಸ್ಕಾರ. ಒತ್ತಕ್ಷರದ ವಿಷಯಕ್ಕೆ ಡ್ರಮ್ಸ್ ಕಡೆಯಿಂದ ಉತ್ತರ ಇದೆ.

ಸಾಮಾನ್ಯ ರಾಕ್ ಬೀಟಿನ ನಾಲ್ಕು ಎಣಿಕೆಯಲ್ಲಿ 1ಕ್ಕೆ, 3ಕ್ಕೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), 2ಕ್ಕೆ, 4ಕ್ಕೆ ಸ್ನೇರ್ (ಕೋಲಿನಿಂದ ಬಾರಿಸುವ ಚುರುಕು ದನಿಯ ಡ್ರಮ್). ಪಂಕ್‌ನ ಡಬಲ್ ಟೈಮಿನಲ್ಲಿ ಅಷ್ಟೇ ಸಮಯದಲ್ಲಿ ಸ್ನೇರ್ ಎರಡು ಪಟ್ಟು ಬೀಳುತ್ತದೆ. ಕೇಳುವವರಿಗೆ ಹಾಡಿನ ವೇಗ ಎರಡರಷ್ಟಾಯಿತು ಅನ್ನಿಸುತ್ತದೆ. ಆದರೆ ಹಾಡುವವರ ಕಾಲಪ್ರಮಾಣ ಅಷ್ಟು ಏರಿರುವುದಿಲ್ಲ. ‘ಹ್ಯಾವ್ ಎ ಬಾಲ್’ ಹಾಡುಗಳನ್ನು ಇನ್ನೊಂದು ಸಲ ಕೇಳಿ, ಡ್ರಮ್ಸ್ ಬಿಟ್ಟು ಬರೀ ದನಿಗೆ ಕೈಯಲ್ಲಿ ತಾಳ ಹಾಕಿ. ನೀವು ಅಂದುಕೊಂಡಿದ್ದಕ್ಕಿಂತ ನಿಧಾನವಾಗಿ ಹಾಡುತ್ತಿರುತ್ತಾರೆ. ಕನ್ನಡಕ್ಕೂ ಹೀಗೇ ಮಾಡಬೇಕು. ಕಾಲು ಓಡಲಿ, ನಾಲಿಗೆ ಓಡಬಾರದು. ದೀರ್ಘ ದೀರ್ಘವಾಗಿಯೇ ಉಳಿಯುತ್ತದೆ.

ವೇಗ ಅಂದರೆ ಹೊರಗಿನದು ಅನ್ನುವ ಭಾವನೆ ನಮ್ಮಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೆ. ಬೆಂಕಿಗೆ ಹಿಡಿದು ಚರ್ಮ ಕಾಯಿಸಿ ಬಿಗಿ ಮಾಡಿಕೊಂಡ ತಮಟೆ ಜಾತ್ರೆಯಲ್ಲಿ ಏರು ಹಿಡಿದಾಗ ಎದುರು ನಿಂತು ಕೇಳಿ. ನನ್ನ ಸ್ನೇರ್ ಕೈ ತಯಾರಾಗಿದ್ದು ತಮಟೆ ಕೇಳಿ ಕೇಳಿ. ಅಭ್ಯಾಸಕ್ಕೆ ಈಗಲೂ ಅದೇ ಏಟುಗಳನ್ನೇ ಪ್ಯಾಡ್ ಮೇಲೆ ಹಾಕುತ್ತೇನೆ.

ಕೈವಾರದಲ್ಲಿ ಗುರುಪೂಜೆ ಸಂಗೀತೋತ್ಸವಕ್ಕೆ ಹೋಗಿರುವವರಿಗೂ ಇದು ಗೊತ್ತು. ಯೋಗಿ ನಾರೇಯಣ ತಾತಯ್ಯನವರ ತೆಲುಗು, ಕನ್ನಡ ಕೀರ್ತನೆಗಳು ಹಗಲೂ ರಾತ್ರಿ ನಡೆಯುತ್ತವೆ. ಭಜನೆ ತಂಡದವರು ವಿಳಂಬದಲ್ಲಿ ಶುರು ಮಾಡಿ ಕೊನೆಗೆ ತಾಳ ಏರಿಸಿದಾಗ ಭಕ್ತಿ ಕಡಿಮೆ ಆಯಿತು ಅಂತ ಯಾರಾದರೂ ಹೇಳುತ್ತಾರಾ?

ರಾಬರ್ಟ್‌ಸನ್‌ಪೇಟೆ (ಕೆಜಿಎಫ್)

ಈ ಆಲ್ಬಂ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಮಾತಾಡುತ್ತಿದ್ದೀರಿ ಅಂತ ನೋಡಿಯೇ ಖುಷಿಯಾಯಿತು. ಇದರ ಮೂಲ ಹಾಡುಗಳೆಲ್ಲ ನಮ್ಮ ಮನೆಯವೇ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಜಿಮ್ ರೀವ್ಸ್, ನೀಲ್ ಡೈಮಂಡ್, ಜಾನ್ ಡೆನ್ವರ್ ದಿನಾ ಕೇಳಿಬರುತ್ತಿದ್ದರು. ಕ್ರಿಸ್‌ಮಸ್ ಬಂದರೆ ಡಾನ್ಸು, ಅದಕ್ಕೆ ಊರಿನದೇ ಬ್ಯಾಂಡು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಬಹಳ ಕುಟುಂಬಗಳು ಊರು ಬಿಟ್ಟವು. ಹಾಡುಗಳು ಮಾತ್ರ ಉಳಿದಿವೆ. ‘ಲೀವಿಂಗ್ ಆನ್ ಎ ಜೆಟ್ ಪ್ಲೇನ್’ ಅಂದರೆ ನಮ್ಮಲ್ಲಿ ಬೀಳ್ಕೊಡುಗೆಯ ಹಾಡು. ಯಾರಾದರೂ ಹೊರಡುವ ಹಿಂದಿನ ರಾತ್ರಿ ಹಾಡಿಯೇ ಹಾಡುತ್ತಾರೆ.

ಅದನ್ನು ಇವರ ವೇಗದಲ್ಲಿ ಕೇಳಿದಾಗ ನನಗೆ ಬೇಸರ ಆಗಲಿಲ್ಲ. ಹೊರಡುವವನನ್ನು ಅಳುತ್ತಾ ಕಳಿಸುವ ಬದಲು ಕುಣಿದು ಕಳಿಸಿದ ಹಾಗಿತ್ತು. ‘ಸ್ವೀಟ್ ಕ್ಯಾರೊಲಿನ್’ ಕೂಡ ಹಾಗೇ, ಅದು ಮೊದಲಿನಿಂದಲೂ ಎಲ್ಲರೂ ಸೇರಿ ಕೂಗುವ ಹಾಡೇ ಅಲ್ವಾ?

ಆದರೆ ‘ಫೈರ್ ಅಂಡ್ ರೇನ್’ ವಿಷಯದಲ್ಲಿ ನಾನು ಮೇಷ್ಟ್ರ ಪಕ್ಷ. ಜೇಮ್ಸ್ ಟೇಲರ್ 1970ರಲ್ಲಿ ಹಾಡಿದ್ದು. ತನ್ನ ಗೆಳತಿಯೊಬ್ಬಳು ಆತ್ಮಹತ್ಯೆ ಮಾಡಿಕೊಂಡ ಸುದ್ದಿ ತಡವಾಗಿ ಗೊತ್ತಾಗಿ ಬರೆದ ಸಾಲುಗಳು ಅದರಲ್ಲಿವೆ. ಮಾದಕ ವಸ್ತುವಿನ ಚಟದಿಂದ ಹೊರಬರಲು ಪಟ್ಟ ಪಾಡೂ ಇದೆ. ಅದನ್ನು ಹೂವಿನ ಶರ್ಟ್ ಹಾಕಿಕೊಂಡು ಬಾರಿಸುವ ತಂಡ ಮುಟ್ಟಬಾರದಿತ್ತು. ಉಳಿದ ಹನ್ನೊಂದು ಸಾಕಾಗುತ್ತಿತ್ತು.

ಬಟವಾಡಿ ಗಿಟಾರ್ (ತುಮಕೂರು)

ಅಣ್ಣ, ನಿಮ್ಮ ಮನೆಯ ಹಾಡುಗಳ ಬಗ್ಗೆ ಓದಿ ಬಹಳ ಸಂತೋಷ ಆಯಿತು. ‘ಫೈರ್ ಅಂಡ್ ರೇನ್’ ಬಗ್ಗೆ ಮಾತ್ರ ನಾನು ಜಗ್ಗುವುದಿಲ್ಲ. ಅದೇ ಆಲ್ಬಂನ ‘ಸೀಸನ್ಸ್ ಇನ್ ದ ಸನ್’ ಕಥೆ ಕೇಳಿ.

ಸಾಯುತ್ತಿರುವವನೊಬ್ಬ ಗೆಳೆಯನಿಗೆ, ಮನೆಯವರಿಗೆ ವಿದಾಯ ಹೇಳುವ ಹಾಡು ಅದು. ಟೆರಿ ಜಾಕ್ಸ್ ಹಾಡಿದ್ದು 1974ರಲ್ಲಿ ಜಗತ್ತಿನಾದ್ಯಂತ ಹಿಟ್ ಆಯಿತು. ಮೆದು ದನಿ, ಕಣ್ಣೀರು. ಆದರೆ ಅದರ ಮೂಲ ಜಾಕ್ ಬ್ರೆಲ್ 1961ರಲ್ಲಿ ಫ್ರೆಂಚಿನಲ್ಲಿ ಹಾಡಿದ ಹಾಡು. ಅದು ಮೆದು ಹಾಡಲ್ಲ, ಹೆಜ್ಜೆ ಹಾಕುವ ನಡೆಯಲ್ಲಿದೆ. ಸಾಯುವವನು ತನಗೆ ಮೋಸ ಮಾಡಿದ ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಚುಚ್ಚಿ ಮಾತಾಡುತ್ತಾನೆ. ತನ್ನನ್ನು ಹೂಳುವಾಗ ಎಲ್ಲರೂ ನಗಬೇಕು, ಕುಣಿಯಬೇಕು ಅನ್ನುತ್ತಾನೆ. ಜಾಕ್ಸ್ ಇಂಗ್ಲಿಷಿನಲ್ಲಿ ಹಾಡುವ ಹೊತ್ತಿಗೆ ಚುಚ್ಚು ಮಾತೆಲ್ಲ ಹೋಗಿ ಅಳು ಬಂತು. ಗಿಮ್ಮಿ ಗಿಮ್ಮೀಸ್ ಅದನ್ನು ಓಡಿಸಿದಾಗ ಹಾಡಿಗೆ ಅದರ ಹಳೆಯ ಚುರುಕು ವಾಪಸ್ ಬಂತು ಅನ್ನಿಸುತ್ತದೆ ನನಗೆ. ದುಃಖದ ಹಾಡು ನಿಧಾನವಾಗಿಯೇ ಇರಬೇಕು ಅಂತ ನಿಯಮ ಇಲ್ಲ.

ರಾಬರ್ಟ್‌ಸನ್‌ಪೇಟೆ (ಕೆಜಿಎಫ್)

ಬ್ರೆಲ್ ಹಾಡನ್ನು ಬರೆದದ್ದೇ ಹಾಗೆ ತಮ್ಮಾ. ಟೇಲರ್ ಹಾಗೆ ಬರೆಯಲಿಲ್ಲ. ನನ್ನ ಅಭಿಪ್ರಾಯ ಅಲ್ಲೇ ಇದೆ.

ಶಿರಾ ರಸ್ತೆ

ಒಂದು ಪ್ರಶ್ನೆ. ಹನ್ನೆರಡಕ್ಕೆ ಹನ್ನೆರಡೂ ಬೇರೆಯವರ ಹಾಡು ಅಂದರೆ ಅದನ್ನು ಮೊದಲ ಆಲ್ಬಂ ಅಂತ ಹೇಗೆ ಕರೆಯುವುದು? ಪಾಪ್ ಪಂಕ್ ಬ್ಯಾಂಡ್ ಬ್ಲಿಂಕ್-182ನ ಟಾಮ್ ಡಿಲಾಂಗ್ ಮತ್ತು ಟ್ರಾವಿಸ್ ಬಾರ್ಕರ್ ಸೇರಿ 2002ರಲ್ಲಿ ಬಾಕ್ಸ್ ಕಾರ್ ರೇಸರ್ ಆಲ್ಬಂ ಮಾಡಿದರು. ಅದೂ ಸೈಡ್ ಪ್ರಾಜೆಕ್ಟೇ. ಮೂಲ ಬ್ಯಾಂಡಿನಲ್ಲಿ ಹೇಳಲಾಗದ ಗಂಭೀರ ವಿಷಯಗಳನ್ನು ಸ್ವಂತ ಹಾಡು ಕಟ್ಟಿ ಹೇಳಿದರು. ನನ್ನ ಪ್ರಕಾರ ಸೈಡ್ ಪ್ರಾಜೆಕ್ಟ್ ಅಂದರೆ ಅದು. ತುಮಕೂರಿನವರೂ ಸ್ವಂತ ಹಾಡು ಬರೆಯಲಿ.

ಗುಬ್ಬಿಯವನು

ಶಿರಾ ರಸ್ತೆಯವರೇ, ನಮ್ಮ ಜಿಲ್ಲೆಯಲ್ಲಿ ಕೂತು ಈ ಪ್ರಶ್ನೆ ಕೇಳಿದರೆ ನಾನು ಸುಮ್ಮನಿರುವುದು ಹೇಗೆ? ನಮ್ಮೂರಿನ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಗುಬ್ಬಿ ವೀರಣ್ಣನವರು ಹುಡುಗನಾಗಿದ್ದಾಗಲೇ ಅಲ್ಲಿ ಸೇರಿ ಆಮೇಲೆ ಅದನ್ನು ಇಡೀ ದಕ್ಷಿಣ ಭಾರತಕ್ಕೆ ಗೊತ್ತಾಗುವ ಹಾಗೆ ಬೆಳೆಸಿದರು. ಆ ಕಾಲದ ಕಂಪನಿ ನಾಟಕದ ಹಾಡುಗಳು ಹೇಗೆ ಹುಟ್ಟುತ್ತಿದ್ದವು? ಪಾರ್ಸಿ ನಾಟಕದ ಮಟ್ಟು, ಮರಾಠಿ ನಾಟಕದ ಮಟ್ಟು, ಹಿಂದೂಸ್ತಾನಿ ಚೀಜು (ಹಾಡಿನ ರಚನೆ), ಯಾವುದು ಕಿವಿಗೆ ಬಿತ್ತೋ ಅದನ್ನು ತೆಗೆದುಕೊಂಡು ಕನ್ನಡ ಮಾತು ಕೂರಿಸುತ್ತಿದ್ದರು. ಜನ ‘ಒನ್ಸ್ ಮೋರ್’ ಅಂತ ಕೂಗಿದರೆ ನಾಟಕ ನಿಲ್ಲಿಸಿ ಮತ್ತೆ ಹಾಡುತ್ತಿದ್ದರು. ಆ ಹಾಡುಗಳನ್ನು ಸ್ವಂತದ್ದಲ್ಲ ಅಂತ ಯಾರಾದರೂ ತಳ್ಳಿಹಾಕಿದರಾ? ಕನ್ನಡ ರಂಗಗೀತೆ ಅಂತ ಇವತ್ತೂ ಕಲಿಸುತ್ತಿದ್ದಾರೆ.

ಯಾವ ಹಾಡು ಆರಿಸುತ್ತೇವೆ, ಹೇಗೆ ಬಾರಿಸುತ್ತೇವೆ, ಅದರಲ್ಲೂ ಸ್ವಂತಿಕೆ ಇದೆ. ಗಿಮ್ಮಿ ಗಿಮ್ಮೀಸ್ ಆಮೇಲೆ ಒಂದೊಂದು ಆಲ್ಬಂಗೂ ಒಂದೊಂದು ವಿಷಯ ಹಿಡಿದರು. ಒಂದು ಸಲ ನಾಟಕದ ಹಾಡು, ಇನ್ನೊಂದು ಸಲ ಕಂಟ್ರಿ. 2011ರಲ್ಲಿ ಜಪಾನಿ ಹಾಡುಗಳನ್ನು ಜಪಾನಿ ಭಾಷೆಯಲ್ಲೇ ಹಾಡಿದರು. ನಮ್ಮಲ್ಲಿ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರ್ ಹಿಡಿದು ಹಾಡಿದಾಗ ಎಷ್ಟು ಹುಡುಗರು ಶರೀಫರನ್ನು ಹುಡುಕಿಕೊಂಡು ಹೋದರು ನೆನಪಿದೆಯಾ? ನಾನೂ ಅವರಲ್ಲಿ ಒಬ್ಬ.

ರಸಮಂಜರಿ ಕೀಬೋರ್ಡ್ (ಕೋಲಾರ)

ಗುಬ್ಬಿಯವರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. 2004ರಲ್ಲಿ ಈ ತಂಡದ ಲೈವ್ ಆಲ್ಬಂ ಬಂತು. ರೆಕಾರ್ಡ್ ಮಾಡಿದ್ದು ದೊಡ್ಡ ಸ್ಟೇಡಿಯಂನಲ್ಲಿ ಅಲ್ಲ. ಒಬ್ಬ ಯಹೂದಿ ಹುಡುಗನ ಬಾರ್ ಮಿಟ್ಸ್ವಾದಲ್ಲಿ, ನಿಜವಾದ ಮನೆ ಸಮಾರಂಭದಲ್ಲಿ. ಉಪನಯನಕ್ಕೆ ಆರ್ಕೆಸ್ಟ್ರಾ ಕರೆಸಿದ ಹಾಗೆ. ತಾತ, ಅಜ್ಜಿ, ಚಿಕ್ಕ ಮಕ್ಕಳು ಎಲ್ಲ ಎದುರಿಗೆ. ಅಂಥ ಕಡೆ ಬಾರಿಸುವುದು ಎಷ್ಟು ಕಷ್ಟ ಅಂತ ನಮ್ಮಂಥವರಿಗೆ ಗೊತ್ತು. ಅದಕ್ಕೇ ಈ ತಂಡದ ಮೇಲೆ ಗೌರವ ಜಾಸ್ತಿಯಾಯಿತು.

ಮುಳಬಾಗಿಲು ಬೇಸ್

ನನ್ನದೊಂದು ಬೇಡಿಕೆ. ಡಿ.ವಿ.ಜಿ. ನಮ್ಮೂರಿನವರು. ಕಗ್ಗದ ನಾಲ್ಕು ಪದ್ಯ ತೆಗೆದುಕೊಳ್ಳಿ. ಒಂದೊಂದು ಪದ್ಯ ನಾಲ್ಕೇ ಸಾಲು, ಪಂಕ್ ಹಾಡಿನ ಅಳತೆಗೆ ಸರಿಯಾಗಿದೆ. ಇಲ್ಲದಿದ್ದರೆ ಬಿ.ಎಂ.ಶ್ರೀ ಅವರ ‘ಕರುಣಾಳು ಬಾ ಬೆಳಕೆ’. ಅವರು ಹುಟ್ಟಿದ್ದು ನಿಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಅದೂ ನ್ಯೂಮನ್ ಬರೆದ ಇಂಗ್ಲಿಷ್ ಪ್ರಾರ್ಥನೆಯಿಂದ ಕನ್ನಡಕ್ಕೆ ಬಂದದ್ದೇ. ಎರಡು ಜಿಲ್ಲೆಗೂ ಒಂದೊಂದು ಹಾಡು ಆಗುತ್ತದೆ.

ತಿಪಟೂರು ಮೇಷ್ಟ್ರು

ಮುಳಬಾಗಿಲಿನವರೇ, ಎರಡೂ ನನಗೆ ಪ್ರಿಯವಾದವು. ಆದರೆ ಎರಡೂ ಐದು ಮಾತ್ರೆಯ ನಡೆ. ‘ಕರುಣಾಳು’ ಐದು, ‘ಬಾ ಬೆಳಕೆ’ ಐದು. ಎಣಿಸಿ ನೋಡಿ. ಇವರ ಡ್ರಮ್ಸ್ ನಾಲ್ಕರ ಲೆಕ್ಕ. ಐದನ್ನು ನಾಲ್ಕಕ್ಕೆ ತುರುಕಿದರೆ ಮತ್ತೆ ನಾನು ಹೇಳಿದ ಉಚ್ಚಾರಣೆಯ ಗೋಳೇ ಬರುತ್ತದೆ. ಭಾಮಿನಿ ಷಟ್ಪದಿಯೂ ಆಗುವುದಿಲ್ಲ, ಅದು ಮೂರು ನಾಲ್ಕು, ಮೂರು ನಾಲ್ಕು ಅಂತ ಹೋಗುತ್ತದೆ.

ಡ್ರಮ್ಸ್ ಮೇಡಂ ಹೇಳಿದ ಹಾಗೆ ಬರೀ ದನಿಗೆ ತಾಳ ಹಾಕಿ ಆಲ್ಬಂ ಇನ್ನೊಮ್ಮೆ ಕೇಳಿದೆ. ಅವರ ಮಾತು ನಿಜ. ಮಾತು ಸ್ಪಷ್ಟವಾಗಿ ಕೇಳುತ್ತದೆ. ಹಾಗಾದರೆ ನಾಲ್ಕು ಮಾತ್ರೆಯ ಕವಿತೆ ಹುಡುಕಿ. ಶರ ಷಟ್ಪದಿ ನೋಡಿ. ಮೊದಲ ಎರಡು ಸಾಲು ನಾಲ್ಕು ನಾಲ್ಕು, ಮೂರನೆಯದು ನಾಲ್ಕು ನಾಲ್ಕು ನಾಲ್ಕು ಮತ್ತು ಒಂದು ಗುರು. ನಾಲ್ಕರಿಂದ ಆರರವರೆಗೂ ಅದೇ. ಹೈಸ್ಕೂಲಿನಲ್ಲಿ ಎಲ್ಲರೂ ಪ್ರಸ್ತಾರ ಹಾಕಿದ್ದೀರಿ. ಆ ಕೊನೆಯ ಗುರುವಿನ ಮೇಲೆ ನೀವು ಎಷ್ಟು ಬೇಕಾದರೂ ಎಳೆಯಬಹುದು, ಎಲ್ಲರೂ ಸೇರಿ ಕೂಗಲೂಬಹುದು. ಛಂದಸ್ಸೇ ಅಲ್ಲಿ ಜಾಗ ಬಿಟ್ಟಿದೆ.

ನಿಧಾನದ ಹಾಡು ಬೇಡ ಅನ್ನುವ ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

ಗೌರಿಬಿದನೂರು ಲಾಯರ್

ಹಾಡು ಆರಿಸುವ ಮುಂಚೆ ಇದನ್ನೂ ಓದಿಕೊಳ್ಳಿ. ಬಹಳ ಹುಡುಗರು ಇಲ್ಲೇ ಎಡವುತ್ತಾರೆ.

ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಕವಿ ಬದುಕಿದ್ದಾಗ ಪ್ರಕಟವಾದ ಕವಿತೆಗೆ ಅವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಲೆಕ್ಕ ಶುರುವಾಗುವುದು ತೀರಿಕೊಂಡ ಮರುವರ್ಷದಿಂದ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ. ಹಾಗಾಗಿ ಕಗ್ಗಕ್ಕೆ 2035ರ ಕೊನೆಯವರೆಗೂ ಅನುಮತಿ ಬೇಕು. ಬಿ.ಎಂ.ಶ್ರೀ 1946ರಲ್ಲಿ ತೀರಿಕೊಂಡರು, ಅವರ ಮಾತು ಈಗ ಎಲ್ಲರದು. ಶರೀಫರ ಪದಗಳೂ ಹಾಗೇ.

ಆದರೆ ಮಾತು ಬೇರೆ, ರಾಗಸಂಯೋಜನೆ ಬೇರೆ. ಭಾವಗೀತೆಯಲ್ಲಿ ಇದು ದೊಡ್ಡ ವಿಷಯ. ಶರೀಫರ ಪದ ಯಾರು ಬೇಕಾದರೂ ಹಾಡಬಹುದು. ಅದಕ್ಕೆ ಸಿ. ಅಶ್ವತ್ಥ್ ಕಟ್ಟಿದ ರಾಗ ಬೇಕು ಅಂದರೆ ಅನುಮತಿ ಬೇಕು. ಅವರು ತೀರಿಕೊಂಡದ್ದು 2009ರಲ್ಲಿ, ಆ ರಾಗಗಳ ಮೇಲಿನ ಹಕ್ಕು 2069ರವರೆಗೂ ಇರುತ್ತದೆ.

ಇನ್ನು ಕವರ್ ಹಾಡಿಗೆ ಕಾಯ್ದೆಯಲ್ಲೇ ಒಂದು ದಾರಿ ಇದೆ. 2012ರ ತಿದ್ದುಪಡಿಯಲ್ಲಿ ಬಂದ 31ಸಿ ಕಲಂ. ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು. ಮೊದಲೇ ನೋಟಿಸ್ ಕೊಡಬೇಕು. ರಾಯಲ್ಟಿ ಮುಂಗಡವಾಗಿ ಕಟ್ಟಬೇಕು, ಅದೂ ವರ್ಷಕ್ಕೆ ಕನಿಷ್ಠ 50,000 ಪ್ರತಿಯ ಲೆಕ್ಕದಲ್ಲಿ. ಕಡಿಮೆ ಪ್ರಸಾರದ ಭಾಷೆಗಳಿಗೆ ಈ ಕನಿಷ್ಠವನ್ನು ಇಳಿಸುವ ಅವಕಾಶವನ್ನು ಕಾಯ್ದೆ ಇಟ್ಟಿದೆ. ಇದು ಕವರ್ ಹಾಡು ಅಂತ ಆಲ್ಬಂನ ಹೊದಿಕೆಯ ಮೇಲೆ ಹಾಕಲೇಬೇಕು. ಎಲ್ಲಕ್ಕಿಂತ ಮುಖ್ಯ, ರೆಕಾರ್ಡಿಂಗಿಗೆ ತಾಂತ್ರಿಕವಾಗಿ ಅಗತ್ಯ ಇರುವಷ್ಟು ಬಿಟ್ಟು ಮೂಲವನ್ನು ಬದಲಾಯಿಸುವ ಹಾಗಿಲ್ಲ. ಭಾವಗೀತೆಯನ್ನು ಪಂಕ್ ಮಾಡುವುದು ಆ ಮಿತಿಯೊಳಗೆ ಬರುತ್ತದೆ ಅಂತ ನಂಬಿ ಹೋಗುವುದು ಅಪಾಯ.

ನನ್ನ ಸಲಹೆ ಸರಳ. ಕವಿಯ ಮನೆಯವರಿಗೆ, ರಾಗ ಹಾಕಿದವರಿಗೆ ಅಥವಾ ಅವರ ಮನೆಯವರಿಗೆ, ಕ್ಯಾಸೆಟ್ ಕಂಪನಿ ಹಕ್ಕು ಕೊಂಡಿದ್ದರೆ ಅವರಿಗೆ ಒಂದು ಒಳ್ಳೆಯ ಪತ್ರ ಬರೆಯಿರಿ. ಡೆಮೊ (ಮಾದರಿ ರೆಕಾರ್ಡಿಂಗ್) ಜೊತೆಗೆ ಕಳಿಸಿ. ಒಪ್ಪಿಗೆ ಲಿಖಿತದಲ್ಲಿ ತೆಗೆದುಕೊಳ್ಳಿ. ವಿಡಿಯೋ ಮಾಡುವುದಿದ್ದರೆ ಅದನ್ನೂ ಪತ್ರದಲ್ಲಿ ಬರೆಯಿರಿ. ಪತ್ರದ ಕರಡು ನಾನು ಮಾಡಿಕೊಡುತ್ತೇನೆ, ದುಡ್ಡೇನೂ ಬೇಡ.

ಮುಳಬಾಗಿಲು ಬೇಸ್

ಮೇಡಂ, ಕಗ್ಗ 2036ಕ್ಕೆ ಇಟ್ಟುಕೊಳ್ಳುತ್ತೇನೆ. ಐದು ಮಾತ್ರೆಗೆ ಬೇಸ್ ಬಾರಿಸುವುದನ್ನು ಅಷ್ಟರಲ್ಲಿ ಗಟ್ಟಿ ಮಾಡಿಕೊಳ್ಳುತ್ತೇನೆ.

ಚಿಂತಾಮಣಿ ಡ್ರಮ್ಸ್

ಲಾಯರ್ ಮೇಡಂ ಬರೆದದ್ದು ಓದಿದ ಮೇಲೆ ನನಗೆ ಅನ್ನಿಸಿದ್ದು ಇದು. ಮೊದಲ ಹಾಡು ಕೋಲಾಟದ ಪದ ಆಗಲಿ. ಮಾತೂ ಊರಿನದು, ಮಟ್ಟೂ ಊರಿನದು, ಯಾರ ಅನುಮತಿಯೂ ಬೇಡ. ಯಾವುದೋ ಕ್ಯಾಸೆಟ್ಟಿನಿಂದ ಎತ್ತಬಾರದು ಅಷ್ಟೇ, ಹಾಡುವವರ ಹತ್ತಿರವೇ ಹೋಗಿ ಕಲಿಯಬೇಕು. ಕಲಿಸಿದವರ ಹೆಸರು ಅವರು ಒಪ್ಪಿದರೆ ಆಲ್ಬಂ ಮೇಲೆ ಬರಬೇಕು, ಬಂದ ದುಡ್ಡಿನಲ್ಲಿ ಪಾಲೂ ಕೊಡಬೇಕು. ಇದರಲ್ಲಿ ರಾಜಿ ಇಲ್ಲ.

ಕೋಲಾಟ ಹೇಗೂ ಮೆಲ್ಲಗೆ ಶುರುವಾಗಿ ಕೊನೆಗೆ ಜೋರಾಗುತ್ತದೆ. ಮೊದಲ ಸುತ್ತಿಗೆ ಗಿಟಾರಿನ ತಂತಿ ಅಂಗೈಯಲ್ಲಿ ಒತ್ತಿ ಹಿಡಿದು ಬಾರಿಸಿ, ನಾನು ಕೋಲಿನ ಏಟನ್ನು ಸ್ನೇರ್ ಅಂಚಿನ ಮೇಲೆ ಕೊಡುತ್ತೇನೆ. ಎರಡನೇ ಸುತ್ತಿಗೆ ತಂತಿ ಬಿಡಿ. ಮೂರನೆಯದಕ್ಕೆ ಡಬಲ್ ಟೈಮ್.

ರಾಬರ್ಟ್‌ಸನ್‌ಪೇಟೆ (ಕೆಜಿಎಫ್)

ಪಲ್ಲವಿಗೆ ಹಿಂದಿನಿಂದ ಹಾರ್ಮನಿ ಬೇಕು, ಅಂದರೆ ಮುಖ್ಯ ದನಿಯ ಜೊತೆಗೆ ಬೇರೆ ಸ್ವರದಲ್ಲಿ ಸೇರುವ ದನಿಗಳು. ಈ ಆಲ್ಬಂನ ಅರ್ಧ ಸೊಗಸು ಅದರಲ್ಲೇ ಇದೆ, ಇಷ್ಟು ಹೊತ್ತು ಯಾರೂ ಆ ಮಾತು ಎತ್ತಲಿಲ್ಲ. ಚರ್ಚ್ ಕ್ವಾಯರ್‌ನಲ್ಲಿ ಹಾಡುವ ನಾವು ಮೂವರು ಇದ್ದೇವೆ. ಕನ್ನಡ, ತಮಿಳು, ಇಂಗ್ಲಿಷ್ ಯಾವುದಾದರೂ ಸರಿ. ಮಾರಿಕುಪ್ಪಂನಿಂದ ರೈಲು ಹತ್ತಿದರೆ ಬೆಂಗಳೂರು, ಅಲ್ಲಿಂದ ತುಮಕೂರು. ದೂರ ಏನಲ್ಲ.

ತಿಪಟೂರು ಮೇಷ್ಟ್ರು

ಕೋಲಾಟದ ಪದ ಒಳ್ಳೆಯ ಆಯ್ಕೆ. ಎರಡನೆಯದಕ್ಕೆ ನಾಲ್ಕು ಮಾತ್ರೆಯ, ಹಕ್ಕು ಮುಗಿದ ಕವಿತೆಗಳನ್ನು ನಾನು ಪಟ್ಟಿ ಮಾಡಿ ಪ್ರಸ್ತಾರ ಹಾಕಿ ಕಳಿಸುತ್ತೇನೆ. ರಾಗ ನೀವೇ ಕಟ್ಟಿ. ರೆಕಾರ್ಡಿಂಗಿಗೆ ಮುಂಚೆ ಹಾಡುವವರನ್ನು ಒಂದು ಸಲ ನನ್ನ ಹತ್ತಿರ ಕಳಿಸಿ, ಉಚ್ಚಾರಣೆ ನೋಡುತ್ತೇನೆ. ಕರೆದರೆ ಬಟವಾಡಿಗೂ ಬರುತ್ತೇನೆ.

ಬಟವಾಡಿ ಗಿಟಾರ್ (ತುಮಕೂರು)

ಇಷ್ಟು ಜನ ಕೈ ಜೋಡಿಸುತ್ತೀರಿ ಅಂತ ನಾನು ಎಣಿಸಿರಲಿಲ್ಲ. ಮನಸ್ಸು ತುಂಬಿ ಬಂದಿದೆ. ಹೀಗೆ ಮಾಡೋಣ. ಮೊದಲ ಹಾಡು ಕೋಲಾಟದ ಪದ, ಚಿಂತಾಮಣಿ ಅಕ್ಕ ಕಲಿಯುವ ಏರ್ಪಾಡು ಮಾಡುತ್ತಾರೆ. ಎರಡನೆಯದು ಮೇಷ್ಟ್ರ ಪಟ್ಟಿಯಿಂದ, ರಾಗ ನಮ್ಮದೇ. ಮೂರನೆಯದು ಒಂದು ಭಾವಗೀತೆ, ಲಾಯರ್ ಮೇಡಂ ಪತ್ರಕ್ಕೆ ಒಪ್ಪಿಗೆ ಬಂದರೆ ಮಾತ್ರ, ಮೇಷ್ಟ್ರು ಬೇಡ ಅಂದ ನಿಧಾನದ ಹಾಡು ಅಲ್ಲ. ನಾಲ್ಕನೆಯದು ಶಿರಾ ರಸ್ತೆಯವರು ಕೇಳಿದ ಹಾಗೆ ಸ್ವಂತ ಹಾಡು. ಶಿರಾ ರಸ್ತೆಯವರೇ, ಮಾತು ನೀವೇ ಬರೆದುಕೊಡಿ.

ಸಿದ್ಧಗಂಗೆ ಜಾತ್ರೆ ಕಳೆದ ಮೇಲಿನ ಭಾನುವಾರ ಪ್ರಾಕ್ಟೀಸ್. ಶೀಟ್ ಮನೆ, ಮಧ್ಯಾಹ್ನ ಕಾಯುತ್ತದೆ, ಅದಕ್ಕೇ ಬೆಳಿಗ್ಗೆ ಏಳಕ್ಕೆ ಶುರು. ತಟ್ಟೆ ಇಡ್ಲಿ ನಮ್ಮ ಮನೆಯಿಂದ.

ರಸಮಂಜರಿ ಕೀಬೋರ್ಡ್ (ಕೋಲಾರ)

ಮಿಕ್ಸರ್, ಎರಡು ಸ್ಪೀಕರ್, ನಾಲ್ಕು ಮೈಕ್ ನನ್ನ ಗಾಡಿಯಲ್ಲೇ ತರುತ್ತೇನೆ. ಡ್ರಮ್ಸ್‌ಗೆ ಬೇರೆ ಮೈಕ್ ಬೇಕಾದರೆ ಈಗಲೇ ಹೇಳಿ.

ಚಿಂತಾಮಣಿ ಡ್ರಮ್ಸ್

ಕಿಕ್‌ಗೆ ಒಂದು ಮೈಕ್ ಬೇಕು ಅಣ್ಣ. ಸ್ನೇರ್‌ಗೆ ಬೇಡ, ಶೀಟ್ ಮನೆಯಲ್ಲಿ ಅದೇ ಜೋರಾಗಿ ಕೇಳುತ್ತದೆ. ಹಾಡುವವರ ಶ್ರುತಿ ಯಾವುದು ಅಂತ ಬಟವಾಡಿಯವರು ಮೊದಲೇ ತಿಳಿಸಿ. ಕೋಲಾಟದ ಅಜ್ಜಿಯರ ಶ್ರುತಿ ಮೇಲಿರುತ್ತದೆ, ಇಳಿಸಿಕೊಳ್ಳಬೇಕಾಗಬಹುದು.